ಕಾರಮಟ್ಟಿಯ ನಗಾರಿಗುಂಡು

ಗಂಗಾವತಿಯಿಂದ ಹೊರಟ ಪ್ರವಾಸಿಗರ ಗಾಡಿಗಳೆಲ್ಲ ಅಂಜನಾದ್ರಿಯ ಕಡೆ ತಿರುಗುವ ಕೂಡುರಸ್ತೆಯಲ್ಲಿ ನಿಶಾತ ಬೇರೆ ದಾರಿ ಹಿಡಿಯುತ್ತಿದ್ದಳು. ಅವಳ ಹೊಟ್ಟೆಪಾಡು ಇದ್ದದ್ದೇ ಆ ಬೇರೆ ದಾರಿಯಲ್ಲಿ.

ಅಪ್ಪ ಮಲಿಕಸಾಬ ಆಟೊ ಓಡಿಸುವವ. ಆಯುಷ್ಯವೆಲ್ಲ ಜನರನ್ನು ಅದೇ ಬೆಟ್ಟಕ್ಕೆ, ಅದೇ ಹೊಳೆದಂಡೆಗೆ ಮುಟ್ಟಿಸಿ ಬಂದವ. ಮಗಳು ಬಿ.ಎಸ್ಸಿ. ಮುಗಿಸಿ ಅಕ್ಕಿ ಗಿರಣಿಯೊಂದರಲ್ಲಿ ಭತ್ತದ ತೇವ ಅಳೆಯುವ ಕೆಲಸಕ್ಕೆ ಸೇರಿದಾಗ, ಅಂತೂ ಒಬ್ಬಳು ನೆರಳಲ್ಲಿ ಕೂತಳಲ್ಲ ಎಂದು ಅವನಿಗೆ ಸಮಾಧಾನವಾಗಿತ್ತು. ಆದರೆ ನಿಶಾತಳಿಗೆ ರಜೆ ಸಿಕ್ಕರೆ ಸಾಕು, ಕಾಲು ಗುಡ್ಡದ ಕಡೆ ಎಳೆಯುತ್ತಿದ್ದವು. ಯಲಬುರ್ಗಾದ ಹೊಲದ ನಡುವೆ ಮುಳ್ಳುಕಂಟಿಯಲ್ಲಿ ಮುಚ್ಚಿಹೋದ ಮೆಟ್ಟಿಲುಬಾವಿ, ಕುಷ್ಟಗಿಯ ಕಡೆ ಮಳೆ ಬಿದ್ದ ವಾರವಷ್ಟೇ ಧುಮುಕುವ ಒಂದು ಹಳ್ಳ, ಹೇಮಗುಡ್ಡದ ಆಚೆ ಬಂಡೆಯ ಹೊಟ್ಟೆಯಲ್ಲಿ ಕೆಂಪು ಬಣ್ಣದಲ್ಲಿ ಬರೆದ ಜಿಂಕೆಗಳು, ಇಂಥವನ್ನು ಹುಡುಕುತ್ತ ಹುಡುಕುತ್ತ ಒಂದು ದಿನ ಗಿರಣಿಯ ಕೆಲಸ ಬಿಟ್ಟಳು. ಎಲ್ಲರೂ ನೋಡಿದ್ದನ್ನು ನೋಡಿ ಬೇಸತ್ತವರನ್ನು ಕರೆದುಕೊಂಡು ಹೋಗುವುದೇ ಅವಳ ಉದ್ಯೋಗವಾಯಿತು. ಅವ್ವ ಶಾಹಜಾದಬಿ ಮಾತ್ರ ವಾರಕ್ಕೊಮ್ಮೆಯಾದರೂ, ಗಿರಣಿಯವರು ಇನ್ನೂ ಆ ಜಾಗಕ್ಕೆ ಯಾರನ್ನೂ ತಗೊಂಡಿಲ್ಲವಂತೆ ಎಂದು ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದಳು.

ಅವಳ ಜಾಗಗಳಲ್ಲೆಲ್ಲ ಜನ ಎರಡನೆಯ ಸಲ ಕೇಳಿಕೊಂಡು ಬರುತ್ತಿದ್ದದ್ದು ಕಾರಮಟ್ಟಿಯ ಗುಡ್ಡಕ್ಕೆ. ಕೆಳಗೆ ಕಾಲುವೆ ನೀರಿನ ಭತ್ತದ ಗದ್ದೆ, ಮೇಲೆ ಆನೆಗಳು ಮಲಗಿದಂತೆ ಬಂಡೆ, ನಡುವೆ ಬಂಡೆಯ ಕುಳಿಯಲ್ಲಿ ಬೇಸಿಗೆಯಲ್ಲೂ ನೀರು ಬತ್ತದ ಒಂದು ದೊಣೆ. ಈ ಗುಡ್ಡ ಕೈತಪ್ಪಿದರೆ ಉಳಿದವುಗಳನ್ನು ನಂಬಿ ವರ್ಷ ತಳ್ಳುವಂತಿರಲಿಲ್ಲ, ಮತ್ತೆ ಗಿರಣಿಯೇ ಗತಿ. ಆ ಗುಡ್ಡಕ್ಕೆ ಇದ್ದದ್ದಾದರೂ ಒಂದೇ ಕಾಲುದಾರಿ, ಅದೂ ಮುದುಕಮ್ಮನ ಹಿತ್ತಲಲ್ಲಿ ಹಾಯ್ದು. ಉಳಿದ ಮಗ್ಗುಲುಗಳಲ್ಲಿ ಕರಡಿಯ ಗವಿಗಳು, ಕಾರೆ ಮುಳ್ಳು. ಮುದುಕಮ್ಮ ಊರಿನಲ್ಲಿ ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳ ಮುಂದಾಳು. ಅವಳು ಹೂಂ ಎಂದದ್ದಕ್ಕೆ ಊರು ಊಹೂಂ ಎನ್ನುತ್ತಿರಲಿಲ್ಲ. ಎರಡು ವರ್ಷದ ಹಿಂದೆ ನಿಶಾತ ಬಂದು ಕೇಳಿದಾಗ, ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, ಕಸ ಚೆಲ್ಲದೆ ಹೋಗಿಬರುವುದಾದರೆ ಹೋಗಿ ಎಂದಿದ್ದಳು. ಪರವಾನಗಿ ಎಂದರೆ ಅಷ್ಟೇ.

ಶ್ರಾವಣದ ಒಂದು ರವಿವಾರ ಹುಬ್ಬಳ್ಳಿಯಿಂದ ಕನಕರಾಜ ಎಂಬ ಬ್ಯಾಂಕ್ ಅಧಿಕಾರಿ, ಹೈಸ್ಕೂಲಿನಲ್ಲಿ ಕಲಿಸುವ ಅವನ ಹೆಂಡತಿ ಶೋಭಾರಾಣಿ, ಕಾಲೇಜು ಓದುವ ಮಗಳು ಗೀತಾ ಬಂದರು. ಕನಕರಾಜನದು ದೊಡ್ಡ ದನಿ, ದೊಡ್ಡ ನಗೆ. ಹೋದಲ್ಲೆಲ್ಲ ಕಬ್ಬಿನ ಹಾಲಿನ ಅಂಗಡಿಯೇ ಮೊದಲು ಎದುರಾಗುತ್ತದೆ, ಅಂಗಡಿ ಇಲ್ಲದ ಜಾಗ ತೋರಿಸಿದರೆ ನಿಮ್ಮನ್ನು ಮರೆಯುವುದಿಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದ. ನಾಟಿಯ ಕಾಲ, ಮುದುಕಮ್ಮನ ಮನೆಯಲ್ಲಿ ಯಾರೂ ಇರಲಿಲ್ಲ. ಹಿತ್ತಲ ಬಾಗಿಲ ಅಗಳಿ ತಾವೇ ತೆಗೆದು, ತಾವೇ ಹಾಕಿಕೊಂಡು ಹತ್ತಿದರು.

ದೊಣೆಯ ಪಕ್ಕದ ಹಾಸುಬಂಡೆಯ ಮೇಲೆ, ಮಲಗಿದ ಎಮ್ಮೆಯಷ್ಟು ದೊಡ್ಡದೊಂದು ಗುಂಡು ಇತ್ತು. ಊರವರು ಅದನ್ನು ನಗಾರಿಗುಂಡು ಎನ್ನುತ್ತಿದ್ದರು. ಸಣ್ಣ ಹರಳಿನಿಂದ ತಟ್ಟಿದರೂ ಕಂಚಿನ ತಾಟಿನಂತೆ ಉಲಿಯುತ್ತಿತ್ತು. ನಿಶಾತಳಿಗೆ ಅದರ ಮೇಲೆ ವಿಶೇಷ ಪ್ರೀತಿ. ಬಂಡೆ ನೆಲಕ್ಕೆ ಪೂರ್ತಿ ಮೈಯೂರಿಲ್ಲ, ಮೂರೇ ಕಡೆ ಕೂತಿದೆ. ಅದಕ್ಕೇ ಪೆಟ್ಟು ಬಿದ್ದಾಗ ಒಡಲೆಲ್ಲ ಕಂಪಿಸಿ ನಾದ ಹೊರಡುತ್ತದೆ ಎಂದು ಅವಳು ವಿವರಿಸುವಾಗ ಎಂಥ ಮಾತುಗಾರರೂ ಸುಮ್ಮನಾಗುತ್ತಿದ್ದರು. ಪಕ್ಕದಲ್ಲಿ ಸದಾ ಒಂದು ಕಮರ ಮರದ ಕೊರಡು ಬಿದ್ದಿರುತ್ತಿತ್ತು. ಒಂದು ತುದಿ ಕೈಯಾಡಿ ಆಡಿ ಕಪ್ಪಗೆ ನುಣುಪಾಗಿತ್ತು. ಕುರಿಗಾರರು ಬಿಟ್ಟುಹೋದದ್ದಿರಬೇಕು ಎಂದುಕೊಂಡಿದ್ದಳು. ಗುಡ್ಡದ ಗಿಡ, ಹಕ್ಕಿ, ದೊಣೆ, ಗವಿ, ಒಂದೊಂದರ ಬಗ್ಗೆಯೂ ಊರವರನ್ನು ಕೇಳಿ ತಿಳಿದುಕೊಂಡಿದ್ದವಳು ಈ ಗುಂಡಿನ ಬಗ್ಗೆ ಮಾತ್ರ ಯಾರನ್ನೂ ಕೇಳಿರಲಿಲ್ಲ. ಗೊತ್ತಿಲ್ಲದ್ದನ್ನಲ್ಲವೇ ಕೇಳುವುದು? ಇದು ಅವಳಿಗೆ ಗೊತ್ತಿತ್ತು.

ಹರಳಿನ ಸಪ್ಪಳ ಕೇಳಿ ಕನಕರಾಜನಿಗೆ ತೃಪ್ತಿಯಾಗಲಿಲ್ಲ. ಕೊರಡನ್ನು ಎರಡೂ ಕೈಯಿಂದ ಎತ್ತಿ ಬಡಿದೇಬಿಟ್ಟ. ನಿಶಾತ ಸಹ ಅಂಥ ನಾದ ಕೇಳಿರಲಿಲ್ಲ. ಅದು ಕಿವಿಗಿಂತ ಮೊದಲು ಅಂಗಾಲಿಗೆ ಬಂತು. ಎದುರಿನ ಗುಡ್ಡಕ್ಕೆ ಹೋಗಿ, ತಿರುಗಿ ಬಂದು, ಗದ್ದೆಯ ಕಡೆ ಇಳಿದುಹೋಯಿತು. ವಿಡಿಯೊದಲ್ಲಿ ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಬಡಿ ಎಂದಳು ಗೀತಾ. ಅವನು ಮತ್ತೆ ಬಡಿದ, ಮತ್ತೆ ಬಡಿದ. ಬೇಡವೆನ್ನಲು ನಿಶಾತಳಿಗೆ ಕಾರಣವೇ ಕಾಣಲಿಲ್ಲ. ಕಲ್ಲೇನು ಸವೆಯುತ್ತದೆಯೇ? ಅವಳು ಕಂಪನದ ಬಗ್ಗೆ ಹುರುಪಿನಿಂದ ಹೇಳುತ್ತಲೇ ಇದ್ದಳು.

ಹೇಳುತ್ತಿದ್ದವಳು ನಡುವೆ ತಡೆದಳು. ಏನೋ ಕಡಿಮೆಯಾಗಿತ್ತು. ಬೆಳಗಿನಿಂದ ಕೆಳಗೆ ಕೇಳುತ್ತಿದ್ದ ಟ್ರ್ಯಾಕ್ಟರಿನ ಗುರುಗುರು ನಿಂತಿತ್ತು. ನಾಟಿಯ ಹೆಣ್ಣುಮಕ್ಕಳ ಮಾತು, ನಗೆ ನಿಂತಿದ್ದವು. ಬಂಡೆಯ ಅಂಚಿಗೆ ಹೋಗಿ ನೋಡಿದರೆ ಕೆಸರುಗದ್ದೆಯಲ್ಲಿ ಬಾಗಿದ್ದ ಸಾಲು ಒಡೆದು, ಜನ ಬದುಗಳ ಮೇಲೆ ಓಡುತ್ತಿದ್ದರು. ಎಲ್ಲರೂ ಗುಡ್ಡದ ಕಡೆಗೇ.

ಕನಕರಾಜ ಪಕ್ಕಕ್ಕೆ ಬಂದು ಇಣುಕಿದ. “ಇದೂ ನಿಮ್ಮ ಪ್ಯಾಕೇಜಿನಾಗ ಐತೇನ್ರಿ?” ಎಂದ.

ನಿಶಾತ ಕಾಲುದಾರಿಯ ತಲೆಗೆ ಹೋಗಿ ನಿಂತಳು. 

ಮೊದಲು ಏರಿ ಬಂದವನು ಟ್ರ್ಯಾಕ್ಟರ್ ಓಡಿಸುವ ದುರಗೇಶ. ಹೆಗಲಲ್ಲಿ ಹಗ್ಗದ ಸಿಂಬಿ, ಮೊಣಕಾಲತನಕ ಕೆಸರು. ಅವನ ಹಿಂದೆ ಸೀರೆ ಮೇಲಕ್ಕೆ ಸಿಕ್ಕಿಸಿದ ಪಕ್ಕೀರವ್ವ, ನೀರಿನ ಕೊಡ ಹೊತ್ತ ರಾಜಾಬೀ, ಕಂಬಳಿ ಹಿಡಿದ ಇಬ್ಬರು ಹುಡುಗಿಯರು, ಇನ್ನೂ ಹತ್ತಾರು ಜನ.

“ಯಾರು ಬಿದ್ದಾರ?” ಎಂದು ಕೇಳಿದ ದುರಗೇಶ. ಉಸಿರು ಸಾಲುತ್ತಿರಲಿಲ್ಲ ಅವನಿಗೆ.

“ಯಾರೂ ಬಿದ್ದಿಲ್ಲ,” ಎಂದಳು ನಿಶಾತ.

ಅವನು ಅವಳನ್ನು ನೋಡಿದ, ಕನಕರಾಜನ ಕೈಯಲ್ಲಿದ್ದ ಕೊರಡನ್ನು ನೋಡಿದ, ಗೀತಾಳ ಫೋನು ನೋಡಿದ. ಏನೋ ಅನ್ನಲು ಬಾಯಿ ತೆರೆದು ಮುಚ್ಚಿಕೊಂಡ. ರಾಜಾಬೀ ಮಾತ್ರ ಏನೂ ಆಗಿಲ್ಲವೆಂಬಂತೆ ಕೊಡ ಇಳಿಸಿ, ಲೋಟದಲ್ಲಿ ನೀರು ತುಂಬಿ ಮೊದಲು ಆ ಮೂವರಿಗೆ ಕೊಟ್ಟಳು, ಆಮೇಲೆ ನಿಶಾತಳಿಗೆ. ಓಡಿ ಬಂದವರು ಬಾಯಾರಿ ನಿಂತಿದ್ದರು. ಬಂಡೆಯ ಮೇಲೆ ಹಾಯಾಗಿದ್ದವರು ನೀರು ಕುಡಿದರು.

ನೀರು ಕೊಡುತ್ತಲೇ ರಾಜಾಬೀ ಮೆಲ್ಲಗೆ ತಿಳಿಸಿದಳು. ಈ ಗುಡ್ಡದ ಮೇಲೆ ಫೋನು ಹತ್ತುವುದಿಲ್ಲ. ಮೇಯಿಸಲು ಬಂದವರಿಗೆ ಕರಡಿ ಎದುರಾದರೆ, ಸೀತಾಫಲ ಕೀಳಲು ಬಂದವರ ಕಾಲು ಮುರಿದರೆ, ಈ ಗುಂಡೇ ಅವರ ಬಾಯಿ. ನಗಾರಿ ಕೇಳಿದವರು ಕೈಯಲ್ಲಿದ್ದ ಕೆಲಸ ಇದ್ದ ಹಾಗೆ ಬಿಟ್ಟು ಏರಬೇಕು. ಏರಿದ ಮೇಲೆ ಮೊದಲು ನೀರು, ಆಮೇಲೆ ಮಾತು. ಯಾರದೇ ತಪ್ಪಿರಲಿ, ಗುಡ್ಡದ ಮೇಲೆ ಬೈಯಬಾರದು. ಹೆದರಿದವರ ಕಾಲು ಇಳಿಯುವಾಗ ಜಾರುತ್ತವೆ. ಬೈಗುಳವೇನಿದ್ದರೂ ಕೆಳಗೆ. ನಿಶಾತಳಿಗೆ ಅಲ್ಲಿಯೇ ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಅನಿಸಿತು.

ಕೊನೆಗೆ ಬಂದವಳು ಮುದುಕಮ್ಮ. ಎಪ್ಪತ್ತರ ಹತ್ತಿರದ ಜೀವ, ಎರಡೂ ಕೈ ಮೊಣಕಾಲ ಮೇಲಿಟ್ಟು ಹತ್ತುತ್ತಿತ್ತು. ಅವಳು ಪ್ರವಾಸಿಗರನ್ನಾಗಲೀ ನಿಶಾತಳನ್ನಾಗಲೀ ನೋಡಲಿಲ್ಲ. ಕಣ್ಣು ಬಂಡೆಗಳ ಸಂದಿನಲ್ಲೆಲ್ಲ ಹುಡುಕುತ್ತಿದ್ದವು. ಅಷ್ಟರಲ್ಲಿ ಮೇಲಿನ ದಿಬ್ಬದಿಂದ ಅವಳ ಗಂಡ ಗ್ಯಾನಪ್ಪ ಕೋಲು ಊರುತ್ತ, ಅವನೂ ಏದುಸಿರು ಬಿಡುತ್ತ ಇಳಿದು ಬಂದ. ನಗಾರಿ ಕೇಳಿ ಆಡುಗಳನ್ನು ಅಲ್ಲೇ ಬಿಟ್ಟು ಓಡಿಬಂದಿದ್ದ.

ಮುದುಕಮ್ಮ ಅವನನ್ನು ಕಂಡಳು. ಕಂಡ ಮೇಲಷ್ಟೇ ಅಲ್ಲೇ ಕುಸಿದು ಕೂತಳು.

“ಸತ್ತಿಲ್ಲೇನು?” ಎಂದಳು.

“ಇಲ್ಲ.”

“ಹಂಗಾರ ಇವತ್ತ ಜಲ್ದಿ ಮನಿಗೆ ಬಾ.”

ಗುಡ್ಡದ ಮೇಲೆ ಬೈಯಬಾರದೆಂಬ ಕಟ್ಟಳೆ ಗಂಡನಿಗೆ ಅನ್ವಯಿಸುವುದಿಲ್ಲವೆಂದು ಯಾರೋ ಹಿಂದೆ ಪಿಸುಗುಟ್ಟಿದರು. ನಾಲ್ಕು ಜನ ನಕ್ಕರು. ನಿಶಾತಳಿಗೆ ಮಾತ್ರ ಆ ಮುದುಕಿಯ ನಡುಗುವ ಬೆರಳುಗಳೇ ಕಾಣುತ್ತಿದ್ದವು. ತಾನು ಕಂಪನವೆಂದು ಕರೆದದ್ದು ಕೆಳಗೆ ಹೋಗಿ ಇದಾಗಿತ್ತು.

ಇಳಿಯುವಾಗ ಕಾಲು ಜಾರಿದ್ದು ಮುದುಕಮ್ಮನದೇ. ಹರಿತವಾದ ಕಲ್ಲಿನ ಸಂದಿಗೆ ಹೆಜ್ಜೆ ಸಿಕ್ಕಿ ಹಿಮ್ಮಡಿಯ ಮೇಲಿನ ಕೀಲು ಉಳುಕಿತು. ನೋಡನೋಡುತ್ತ ಬದನೆಕಾಯಿಯಷ್ಟು ಊದಿತು. ಬೇರೆ ಯಾರಿಗೋ ಎಂದು ತಂದ ಕಂಬಳಿ ಅವಳಿಗೇ ಆಯಿತು. ಒಂದು ಮೂಲೆ ದುರಗೇಶ ಹಿಡಿದ, ಎರಡು ಮೂಲೆ ಊರ ಗಂಡಸರು, ನಾಲ್ಕನೆಯದನ್ನು ಕನಕರಾಜ ಕೇಳದೆಯೇ ಹಿಡಿದುಕೊಂಡ. ದಾರಿಯುದ್ದಕ್ಕೂ ಅವನ ದೊಡ್ಡ ದನಿ ಕೇಳಿಸಲಿಲ್ಲ.

ಹಿತ್ತಲು ದಾಟಿ, ಮುದುಕಮ್ಮನನ್ನು ಕಟ್ಟೆಯ ಮೇಲೆ ಮಲಗಿಸಿದ ಮೇಲೆ ಬೈಗುಳ ಶುರುವಾಯಿತು. ತಡೆದಿಟ್ಟ ನೀರು ತೂಬು ತೆಗೆದ ಹಾಗೆ ಬಂತು. ಟ್ರ್ಯಾಕ್ಟರ್ ಕೆಸರಲ್ಲಿ ಹೂತದ್ದು, ಸಸಿಯ ಸೂಡು ಬದುವಿನ ಮೇಲೆ ಬಿಸಿಲಿಗೆ ಬಾಡುತ್ತಿರುವುದು, ಮುದುಕಿಯ ಕಾಲು, ಒಂದೊಂದೂ ಬಂತು. ಕೊನೆಗೆ ಪಕ್ಕೀರವ್ವ ಸೊಂಟದ ಮೇಲೆ ಕೈಯಿಟ್ಟು ಕನಕರಾಜನ ಮುಂದೆ ನಿಂತಳು.

“ಗಂಟಿ ಬಡದ್ರ ದೇವರು ಬರ್ತಾನ ಅಂತ ತಿಳಿದಿದ್ರೇನ್ರಿ, ಸಾಹೇಬ್ರ? ನೋಡ್ರಿ, ನಾವ ಬಂದೀವಿ.”

ಅವನು ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ, ಆದ ಹಾನಿ ಕಟ್ಟಿಕೊಡುತ್ತೇನೆಂದು ಜೇಬಿಗೆ ಕೈ ಹಾಕಿದ. ಅದು ಇನ್ನೊಂದು ತಪ್ಪಾಯಿತು. ಇಲ್ಲಿ ಅದರ ರೂಢಿಯೇ ಬೇರೆ ಎಂದಳು ಪಕ್ಕೀರವ್ವ. ನಿಜವಾಗಿ ಕಷ್ಟದಲ್ಲಿದ್ದವರು ಬಡಿದರೆ ಬಿಟ್ಟುಬಂದ ಕೆಲಸವನ್ನು ಊರೇ ಮುಗಿಸುತ್ತದೆ. ಸುಮ್ಮಸುಮ್ಮನೆ ಬಡಿದರೆ, ಬಡಿದವರು ಮುಗಿಸಬೇಕು. ಹೊತ್ತು ಮುಳುಗುವುದರೊಳಗೆ.

ಹುಬ್ಬಳ್ಳಿಯ ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಚಪ್ಪಲಿ ಕಳಚಿದವಳು ಶೋಭಾರಾಣಿ. ಚೂಡಿದಾರದ ಪ್ಯಾಂಟು ಮೇಲೆ ಮಡಿಚಿ ಗದ್ದೆಗೆ ಇಳಿದಳು. ಗೀತಾ ಫೋನನ್ನು ಮುದುಕಮ್ಮನ ಮನೆಯ ಗೂಡಿನಲ್ಲಿಟ್ಟು ಬಂದಳು. ನಿಶಾತ ಆಗಲೇ ಕೆಸರಿನಲ್ಲಿದ್ದಳು.

ಗಿರಣಿಯಲ್ಲಿದ್ದಾಗ ದಿನಾ ಭತ್ತ ಮುಟ್ಟಿದವಳು ಅವಳು. ಅದರ ತೇವ ಎಷ್ಟು, ನುಚ್ಚು ಎಷ್ಟೆಂದು ಹೇಳಬಲ್ಲವಳು. ಆ ಮಧ್ಯಾಹ್ನ ಎರಡೇ ಸಾಲಿಗೆ ನಡು ಸೆಟೆದುಹೋಯಿತು. ಕನಕರಾಜ ನೆಟ್ಟ ಸಸಿಗಳು ಅವನು ಒಂದು ಹೆಜ್ಜೆ ಹಿಂದೆ ಸರಿಯುತ್ತಲೇ ನೀರಿನ ಮೇಲೆ ತೇಲುತ್ತಿದ್ದವು. ಪಕ್ಕೀರವ್ವ ಬದುವಿನ ಮೇಲೆ ನಿಂತು, ಬ್ಯಾಂಕಿನಲ್ಲಿ ಜನರ ದುಡ್ಡನ್ನೂ ಹೀಗೇ ಇಡುತ್ತೀರೇನು ಎಂದು ಕೇಳಿದಳು. ಸ್ವಲ್ಪ ಹೊತ್ತಿಗೆ ನೋಡಲಾರದೆ ತಾನೂ ಇಳಿದಳು, ಅವಳ ಹಿಂದೆ ರಾಜಾಬೀ, ಉಳಿದವರು. ರೂಢಿಯ ಪ್ರಕಾರ ಅವರು ಕೈ ಹಚ್ಚಬೇಕಿರಲಿಲ್ಲ. ಆದರೆ ಕಣ್ಣೆದುರು ಸಸಿ ಸಾಯುವುದನ್ನು ನೋಡುತ್ತ ಕೂರುವ ರೂಢಿ ಅವರಿಗಿರಲಿಲ್ಲ.

ಕೆಲಸದ ನಡುವೆ ನಿಶಾತ ಒಮ್ಮೆ ತಲೆಯೆತ್ತಿ ಗುಡ್ಡ ನೋಡಿದಳು. ಎರಡು ವರ್ಷದಲ್ಲಿ ಅವಳು ಅದನ್ನು ಇಲ್ಲಿಂದ, ಇಷ್ಟು ತಗ್ಗಿನಿಂದ ನೋಡಿರಲೇ ಇಲ್ಲ. ಎಷ್ಟು ದೂರ, ಎಷ್ಟು ಕಡಿದು. ಇದನ್ನು ಆ ಮುದುಕಿ ಎಲ್ಲಿಯೂ ನಿಲ್ಲದೆ ಏರಿದ್ದಳು. ಮುಂದೆ ಯಾವ ಮುಖ ಹೊತ್ತು ಆ ಹಿತ್ತಲ ಬಾಗಿಲು ತೆಗೆಯಲಿ? ಯಾರೂ ಇನ್ನು ಬರಬೇಡ ಎಂದಿರಲಿಲ್ಲ. ಅದನ್ನು ಹೇಳಬೇಕಾದವಳು ಕಟ್ಟೆಯ ಮೇಲೆ ಮಲಗಿದ್ದಳು.

ಹೊತ್ತು ಇಳಿಯುವಾಗ ಮಡಿಯ ನಾಟಿ ಮುಗಿಯಿತು. ಹುಬ್ಬಳ್ಳಿಯವರು ಕಾಲುವೆಯಲ್ಲಿ ಕೈಕಾಲು ತೊಳೆಯುತ್ತಿರುವಾಗ ನಿಶಾತ ಒಬ್ಬಳೇ ಮುದುಕಮ್ಮನ ಮನೆಗೆ ನಡೆದಳು. ನಡೆಯುತ್ತ ನಡೆಯುತ್ತ ಏನು ಹೇಳಬೇಕೆಂದು ತೀರ್ಮಾನ ಮಾಡಿಕೊಂಡಳು.

ಗ್ಯಾನಪ್ಪ ಅರಿಷಿಣ ಸುಣ್ಣ ಕಲಸಿ ಹೆಂಡತಿಯ ಕಾಲಿಗೆ ಪಟ್ಟು ಹಾಕುತ್ತಿದ್ದ. ಜಾಸ್ತಿ ಒತ್ತಿದ್ದಕ್ಕೆ ಬೈಸಿಕೊಳ್ಳುತ್ತಿದ್ದ. ನಿಶಾತ ಕಟ್ಟೆಯ ಕೆಳಗೆ ನೆಲದ ಮೇಲೆ ಕೂತಳು.

“ಅಮ್ಮಾ, ತಪ್ಪು ನಂದು. ಅವರಿಗೇನೂ ಗೊತ್ತಿಲ್ಲ.”

“ನಿನಗರ ಗೊತ್ತಿತ್ತೇನು?”

“ಇಲ್ಲರಿ. ಕೇಳಬೇಕಿತ್ತು.”

 ನಿಶಾತ ದಾರಿಯಲ್ಲಿ ಜೋಡಿಸಿಕೊಂಡದ್ದನ್ನೆಲ್ಲ ಒಪ್ಪಿಸಿದಳು. ಈ ದಾರಿ ಮುಚ್ಚಿದರೆ ತನ್ನ ಬದುಕು ಎಲ್ಲಿಗೆ ತಿರುಗುತ್ತದೆಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಇನ್ನೊಂದು ಅವಕಾಶ ಕೊಟ್ಟರೆ ಯಾರನ್ನೂ ನಗಾರಿಗುಂಡಿನ ಹತ್ತಿರ ಒಯ್ಯುವುದಿಲ್ಲ. ಅಂಥದ್ದೊಂದು ಕಲ್ಲು ಇದೆಯೆಂದು ಬಾಯಿ ಬಿಡುವುದಿಲ್ಲ. ದೊಣೆಯಿಂದ ಈಚೆಗೇ ತಿರುಗಿಸಿಕೊಂಡು ಬರುತ್ತೇನೆ. ಕೊರಡನ್ನು ಹೊರಗಿನವರ ಕಣ್ಣಿಗೆ ಬೀಳದಂತೆ ಕಂಟಿಯಲ್ಲಿ ಬಚ್ಚಿಡುತ್ತೇನೆ. ಅವಳ ಮಟ್ಟಿಗೆ ಅದು ದೊಡ್ಡ ತ್ಯಾಗ. ಆ ಗುಡ್ಡದಲ್ಲಿ ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದೇ ಆ ಗುಂಡು.

ಮುದುಕಮ್ಮ ಗಂಡನ ಕೈ ಸರಿಸಿ ಎದ್ದು ಕೂತಳು.

“ನಾಳಿ ನಿನ್ನ ಮಂದ್ಯಾಗ ಒಬ್ಬಾಕಿ ಬಿದ್ದು ಕಾಲು ಮುರ್ಕೊಂಡ್ಲು ಅಂತ ತಿಳಿ. ಕೊರಡು ನೀ ಬಚ್ಚಿಟ್ಟಿ. ಏನ್ ಬಡೀತಿ? ನಿನ್ನ ಎದಿ ಬಡ್ಕೋತೀಯೇನು?”

ನಿಶಾತ ಗುಡ್ಡದ ಕಡೆ ನೋಡಿದಳು.

“ಗುಡ್ಡ ಏರಿದವ್ರಿಗೆ ಕಲ್ಲು ಎಲ್ಲೈತಿ ಅಂತ ಮೊದಲ ತೋರಿಸಬೇಕು, ಯವ್ವಾ. ದೊಣಿ ಆಮ್ಯಾಲ ತೋರಿಸು, ಹಕ್ಕಿ ಆಮ್ಯಾಲ ತೋರಿಸು. ಕಳ್ಳರಿಗೆ ಅಂಜಿ ಬಂಗಾರ ಮುಚ್ಚಿಡ್ತಾರ. ಇದನ್ನ್ಯಾಕ ಮುಚ್ಚಿಡ್ತಿ?”

“ಮತ್ತ ಯಾರರ ಆಟಕ್ಕ ಬಡದ್ರ?”

“ಬೈತೀವಿ. ಗದ್ದಿಗೆ ಇಳಸ್ತೀವಿ.”

“ಒಂದು ದಿನ ನಗಾರಿ ಕೇಳಿದ ಕೂಡಲೇ, ಪ್ಯಾಟಿ ಮಂದಿ ಆಡ್ಲಿಕತ್ತಾರ ಅಂತ ಸುಮ್ನ ಕುಂತ್ರ, ಅಮ್ಮಾ? ಅವತ್ತ ಈ ಅಜ್ಜನ ಬಡದಿದ್ರ?”

ನಿಶಾತ ಇಡೀ ಮಧ್ಯಾಹ್ನ ಕೆಸರಿನಲ್ಲಿ ಹೊತ್ತು ತಿರುಗಿದ್ದು ಇದನ್ನೇ. ಗ್ಯಾನಪ್ಪ ತಲೆಯೆತ್ತದೆ ಪಟ್ಟಿಯ ಗಂಟು ಬಿಗಿಯುತ್ತಿದ್ದ. ಮುದುಕಮ್ಮ ಅವನ ಬೋಳುತಲೆಯನ್ನು ಸ್ವಲ್ಪ ಹೊತ್ತು ನೋಡಿದಳು.

“ಬಡದವ್ರು ಯಾರಂತ ಸಪ್ಪಳ ಹೇಳ್ತೈತೇನು? ಕೇಳಿದ್ರ ಏರೋದು. ಸುಳ್ಳಾದ್ರ ಚಲೋ ಆತು ಅಂತ ಇಳಿಯೋದು. ಇವತ್ತ ಸುಳ್ಳಾತು. ನನಗೇನು ದುಃಖ ಆತಂತ ಮಾಡೀಯೇನು?”

ಗ್ಯಾನಪ್ಪ ಈಗ ಮುಖ ಎತ್ತಿದ. ಎದ್ದು, ಸುಣ್ಣದ ಬಟ್ಟಲು ತೊಳೆಯಲು ಒಳಗೆ ಹೋದ.

ಒಂದು ಮಾತು ಮಾತ್ರ ನಡೆಸಬೇಕು ಎಂದಳು ಮುದುಕಮ್ಮ. ಇಷ್ಟು ದಿನ ಯಾರು ಏರಿದರು, ಯಾರು ಇಳಿದರು ಎನ್ನುವುದು ಅವಳಿಗೆ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ನಗಾರಿ ಕೇಳಿದಾಗ ಗುಡ್ಡದಲ್ಲಿರುವುದು ತನ್ನ ಗಂಡ ಒಬ್ಬನೇ ಎಂದುಕೊಂಡಿದ್ದಳು. ಅದಕ್ಕೇ ಜೀವ ಬಾಯಿಗೆ ಬಂದಿತ್ತು. ಇನ್ನು ಮುಂದೆ ಏರುವವರು ಅವಳು ಮನೆಯಲ್ಲಿದ್ದರೆ ಮನೆಗೆ, ಗದ್ದೆಯಲ್ಲಿದ್ದರೆ ಗದ್ದೆಗೆ ಬಂದು ಮುಖ ತೋರಿಸಿ ಹೋಗಬೇಕು. ಇಳಿದ ಮೇಲೆ ಮತ್ತೆ ತೋರಿಸಬೇಕು. ಸಂಜೆಗೆ ಒಂದು ಮುಖ ಕಡಿಮೆ ಬಿದ್ದರೆ, ನಗಾರಿ ಬಡಿಯದಿದ್ದರೂ ಊರು ಏರುತ್ತದೆ.

“ಅವರು ನಮ್ಮವರಲ್ಲಲ್ಲರಿ, ಅಮ್ಮಾ,” ಎಂದಳು ನಿಶಾತ. 

“ನನ್ನ ಹಿತ್ತಲ್ದಾಗ ಹಾಯ್ದು ಹೋದವ್ರು ಯಾರವರು ಮತ್ತ?”

ಅಷ್ಟರಲ್ಲಿ ಕನಕರಾಜ, ಶೋಭಾರಾಣಿ, ಗೀತಾ ಅಂಗಳಕ್ಕೆ ಬಂದು ನಿಂತರು. ಬಟ್ಟೆಯ ಮೇಲೆಲ್ಲ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಹೇಗೆ ಕ್ಷಮೆ ಕೇಳಬೇಕೆಂದು ತಿಳಿಯದೆ ಕನಕರಾಜ ಎರಡೂ ಕೈ ಜೋಡಿಸಿ ನಿಂತ. ಮುದುಕಮ್ಮ ಅದನ್ನು ಗಮನಿಸಲಿಲ್ಲ. ಬೆಳಕಿಗೆ ಮುಖ ಮಾಡಿ ಒಬ್ಬರ ಪಕ್ಕ ಒಬ್ಬರು ನಿಲ್ಲಲು ಹೇಳಿ, ಸಂತೆಯಲ್ಲಿ ಆಡು ನೋಡುವಷ್ಟು ನಿಧಾನವಾಗಿ ಒಂದೊಂದೇ ಮುಖ ನೋಡಿದಳು. ಗೀತಾಳ ಗಲ್ಲದ ಮೇಲಿನ ಕೆಸರು ಒರೆಸಿಕೊಳ್ಳಲು ಸನ್ನೆ ಮಾಡಿದಳು, ಗುರುತು ಸಿಗಬೇಕಲ್ಲ. ಕನಕರಾಜನ ಮುಂದೆ ಕಣ್ಣು ನಿಂತಿತು.

“ನಿಮ್ಮ ಸಾಲು ಹ್ಯಾಂಗ ಬಂದೈತಿ ಅಂತ ಪಕ್ಕೀರವ್ವ ಹೇಳಿದ್ಲು. ಹಂದಿ ಹೊಕ್ಕಂಗ ಆಗೈತಂತ.”

“ಹೌದ್ರಿ,” ಎಂದ ಅವನು.

“ಇರ್ಲಿ. ಬೆಳೀತಾವ.”

ಮೂರು ಮುಖ ನೋಡಿ ಮುಗಿಸಿದ ಮುದುಕಮ್ಮ, ಕಟ್ಟೆಯ ಕಂಬಕ್ಕೆ ಒರಗಿ ಇದನ್ನೆಲ್ಲ ನೋಡುತ್ತ ನಿಂತಿದ್ದ ನಿಶಾತಳ ಕಡೆ ತಿರುಗಿದಳು.

“ನೀ ಯಾಕ ಅಲ್ಲಿ ನಿಂತಿ? ನೀ ಏರಿರ್ಲಿಲ್ಲೇನು?”

ನಿಶಾತ ಬಂದು ಗೀತಾಳ ಪಕ್ಕ ನಿಂತಳು.